28 ಟ್ಯಾಕಲ್ ಸರಿ, ಆದರೆ 12–11ರ ಆ ಫೈನಲ್ ಗೆಲ್ಲಿಸಿದ್ದು ಡು ಟಾಯ್ ಒಬ್ಬನೇನಾ?

ಸ್ಕ್ರಮ್ ಸಿದ್ದ

ದಕ್ಷಿಣ ಆಫ್ರಿಕಾ ನ್ಯೂಜಿಲೆಂಡನ್ನು ಒಂದೇ ಅಂಕದಲ್ಲಿ ಸೋಲಿಸಿದ 2023ರ ರಗ್ಬಿ ವಿಶ್ವಕಪ್ ಫೈನಲ್ ಬಗ್ಗೆ ಎಲ್ಲೇ ಮಾತು ಬರಲಿ, ಒಂದೇ ಪಲ್ಲವಿ: ದಕ್ಷಿಣ ಆಫ್ರಿಕಾದ ಪೀಟರ್-ಸ್ಟೆಫ್ ಡು ಟಾಯ್, 28 ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವೋದು), ಪಂದ್ಯಶ್ರೇಷ್ಠ, ಮುಗೀತು. ಅವನ ಆಟ ಕಡಿಮೆಯದು ಅಂತ ನಾನು ಹೇಳ್ತಿಲ್ಲ. ಆದರೆ ಸಂಖ್ಯೆ ಕಣ್ಣಿಗೆ ಬಿದ್ದ ಕೂಡಲೇ ನಾವು ಉಳಿದದ್ದನ್ನು ನೋಡೋದೇ ಬಿಡ್ತೀವಿ.

ಅಂಕ ನೋಡಿ. ದಕ್ಷಿಣ ಆಫ್ರಿಕಾದ 12 ಅಂಕಗಳೂ ಹಾಂಡ್ರೆ ಪೊಲಾರ್ಡ್‌ನ ಕಾಲಿನಿಂದ ಬಂದವು: 3, 13, 19, 34ನೇ ನಿಮಿಷದ ಪೆನಾಲ್ಟಿಗಳು (ಎದುರಾಳಿಯ ತಪ್ಪಿಗೆ ಸಿಗುವ ಒದೆತ, ತಲಾ 3 ಅಂಕ). ದ್ವಿತೀಯಾರ್ಧದಲ್ಲಿ ತಂಡಕ್ಕೆ ಒಂದೇ ಒಂದು ಅಂಕ ಇಲ್ಲ. ಮೊದಲ 34 ನಿಮಿಷದಲ್ಲಿ ಕೂಡಿಟ್ಟಿದ್ದನ್ನು ಉಳಿದ 46 ನಿಮಿಷ ಕಾದುಕೊಂಡರು, ಅಷ್ಟೇ. ಹಾಗಾದರೆ ಶ್ರೇಯಸ್ಸು ಕೂಡಿಟ್ಟವನಿಗೋ, ಕಾದವನಿಗೋ? ಒಬ್ಬರ ಹೆಸರು ಮಾತ್ರ ಹೇಳಬೇಕು, ಯಾಕೆ ಅಂತಲೂ ಹೇಳಬೇಕು. "ಇಡೀ ತಂಡ" ಅನ್ನೋರು ದಯವಿಟ್ಟು ಬೇರೆ ಕಡೆ ಹೋಗಿ.

ಏಳನೇ ನಂಬರ್

ಡು ಟಾಯ್. ಮುಂದಿನವರು ಬನ್ನಿ.

ಬೆಂಚು ಬಸಣ್ಣ

ಏ ತಡೀರಿ, ಇಷ್ಟ್ ಲಗೂ ಮುಗಿಸಬ್ಯಾಡ್ರಿ. 28 ಅನ್ನೂದು ಎಷ್ಟು ದೊಡ್ಡದು ಅಂತ ಮೊದಲ ಲೆಕ್ಕಾ ಹಾಕ್ರಿ. ಗಡಿಯಾರದಾಗ 80 ನಿಮಿಷ ಇದ್ರೂ ಚೆಂಡು ಖರೇವಂದ್ರ ಆಟದಾಗ ಇರೂದು 35 ನಿಮಿಷದ ಆಸುಪಾಸು. ಅದನ್ನ 28ಕ್ಕ ಭಾಗಿಸಿದ್ರ 75 ಸೆಕೆಂಡಿಗೊಂದು ಟ್ಯಾಕಲ್. ಅದರಾಗ ಅರ್ಧ ಹೊತ್ತು ಚೆಂಡು ದಕ್ಷಿಣ ಆಫ್ರಿಕಾದವರ ಕೈಯಾಗ ಇತ್ತು ಅಂತ ಹಿಡಿರಿ, ಆಗ 40 ಸೆಕೆಂಡಿಗೂ ಕಡಿಮಿ. ಒಬ್ಬನ್ನ ಕೆಡವಬೇಕು, ಅವನ್ನ ಬಿಟ್ಟು ಪಕ್ಕಕ್ಕ ಉರುಳಬೇಕು, ಎದ್ದು ತಿರುಗಿ ಸಾಲಿನಾಗ ನಿಂದರಬೇಕು, ಮತ್ತ ಓಡಬೇಕು. ಮ್ಯಾಲಿಂದ ಮಳಿ ಬ್ಯಾರೆ. ಎರಡು ಮೀಟರ್ ಎತ್ತರದ ಮನಷ್ಯಾ ಇದನ್ನ ಮಾಡೂದು ಹುಡುಗಾಟ ಅಲ್ರೀ.

ಲೈನೌಟ್ ಲಕ್ಷ್ಮಿ

ಎತ್ತರದ ಮಾತು ಬಂತಲ್ಲ, ಅದೇ ಮುಖ್ಯ. ಆ ಪಂದ್ಯದ ನಾಲ್ಕು ಕಾರ್ಡ್‌ಗಳಲ್ಲಿ ಎರಡು ತಲೆಗೆ ತಾಗಿದ ಟ್ಯಾಕಲ್‌ಗೆ ಬಂದವು. ಹಳದಿ ಅಂದರೆ ಹತ್ತು ನಿಮಿಷ ಹೊರಗೆ, ಕೆಂಪು ಅಂದರೆ ಪಂದ್ಯದಿಂದಲೇ ಹೊರಗೆ. ನ್ಯೂಜಿಲೆಂಡಿನ ಸ್ಯಾಮ್ ಕೇನ್ ಜೆಸ್ಸಿ ಕ್ರಿಯೆಲ್‌ಗೆ ಹೊಡೆದದ್ದು ಹಳದಿಯಿಂದ ಕೆಂಪಾಯಿತು. ದಕ್ಷಿಣ ಆಫ್ರಿಕಾದ ಸಿಯಾ ಕೊಲಿಸಿ ಆರ್ಡಿ ಸಾವಿಯಾಗೆ ತಾಗಿದ್ದು ಹಳದಿಯಲ್ಲೇ ಉಳಿಯಿತು. ಇಬ್ಬರೂ ನಾಯಕರು, ಇಬ್ಬರೂ ಅನುಭವಿಗಳು. ಅವರಿಗಿಂತ ಎತ್ತರದ ಡು ಟಾಯ್ 28 ಸಲ ಬಗ್ಗಿ ಹೊಡೆದ, ಕಾರ್ಡ್ ಇಲ್ಲ.

ಎತ್ತರದವನು ಸೊಂಟದಿಂದ ಬಗ್ಗಿದರೆ ತಲೆ ಮುಂದೆ ಹೋಗುತ್ತದೆ, ಕಣ್ಣು ನೆಲ ನೋಡುತ್ತದೆ, ಎದುರಾಳಿ ಕೊನೇ ಹೆಜ್ಜೆಯಲ್ಲಿ ಪಕ್ಕಕ್ಕೆ ಸರಿದರೆ ಕೈಗೆ ಗಾಳಿ. ಸರಿಯಾದ ಕ್ರಮ ಅಂದರೆ ಮಂಡಿ ಮಡಚಿ ಸೊಂಟ ಇಳಿಸಬೇಕು, ಬೆನ್ನು ನೇರ ಇರಬೇಕು, ಮುಂಗಾಲು ಎದುರಾಳಿಯ ಪಾದದ ಹತ್ತಿರ ಊರಬೇಕು, ಭುಜ ತಾಗಿದ ಮೇಲೆ ಎರಡೂ ಕೈ ಸುತ್ತಿ ಕಾಲು ಓಡಿಸುತ್ತಲೇ ಇರಬೇಕು. ತಲೆ ಎದುರಾಳಿಯ ಮೈಯ ಹೊರಬದಿಗೆ. ಸುಸ್ತಾದಾಗ ಮೊದಲು ಕೈಕೊಡುವುದು ಮಂಡಿ. ಮಂಡಿ ಮಡಚದಿದ್ದರೆ ಭುಜ ಎದೆಯ ಬದಲು ಗದ್ದಕ್ಕೆ ಹೋಗುತ್ತದೆ. 70ನೇ ನಿಮಿಷದಲ್ಲೂ ಅವನ ಮಂಡಿ ಮಡಚುತ್ತಿತ್ತು ಅನ್ನುವುದೇ ನನಗೆ 28ಕ್ಕಿಂತ ದೊಡ್ಡ ವಿಷಯ.

ಏಳನೇ ನಂಬರ್

ಇದಕ್ಕಿಂತ ಚೆನ್ನಾಗಿ ನಾನು ಹೇಳೋಕೆ ಆಗಲ್ಲ. ಪ್ರಶಸ್ತಿ ಫಲಕ ಕೊಟ್ಟುಬಿಡಿ.

ಉದ್ದ ಕಿಕ್ಕಿನ ಉಮೇಶ

ಸಣ್ಣ ತಿದ್ದುಪಡಿ, ಹೊಸಬರು ಓದ್ತಿದ್ದರೆ ಗೊಂದಲ ಆಗಬಾರದು. ಬಹುತೇಕ ದೇಶಗಳಲ್ಲಿ 7 ಅಂದರೆ ಓಪನ್‌ಸೈಡ್ ಫ್ಲ್ಯಾಂಕರ್ (ಮೈದಾನದ ಅಗಲ ಬದಿಯಲ್ಲಿ ನಿಂತು ಚೆಂಡು ಕದಿಯೋನು), 6 ಅಂದರೆ ಬ್ಲೈಂಡ್‌ಸೈಡ್ (ಇಕ್ಕಟ್ಟಿನ ಬದಿಯವನು). ದಕ್ಷಿಣ ಆಫ್ರಿಕಾದಲ್ಲಿ ಉಲ್ಟಾ. ಕೊಲಿಸಿಯ 6 ಓಪನ್‌ಸೈಡ್, ಡು ಟಾಯ್‌ನ 7 ಬ್ಲೈಂಡ್‌ಸೈಡ್. ಹಾಗಾಗಿ "ಏಳನೇ ನಂಬರಿನವನು ಚೆಂಡು ಕದಿಯಲಿಲ್ಲ, ಬರೀ ಕೆಡವಿದ" ಅಂತ ಕೆಲವರು ಮೂಗು ಮುರಿಯೋದು ಅರ್ಥವಿಲ್ಲದ ಮಾತು. ಅವನ ಕೆಲಸವೇ ಕೆಡವೋದು.

ಇನ್ನು ನನ್ನ ವೋಟು ಪೊಲಾರ್ಡ್‌ಗೆ, ಕಾರಣ ಬರೀ ಅಂಕ ಅಲ್ಲ. ನ್ಯೂಜಿಲೆಂಡ್ ಎರಡು ಒದೆತ ತಪ್ಪಿತು, ಪೊಲಾರ್ಡ್ ಒಂದೂ ತಪ್ಪಲಿಲ್ಲ. 58ನೇ ನಿಮಿಷದಲ್ಲಿ ಬೊಡೆನ್ ಬ್ಯಾರೆಟ್ ಟ್ರೈ (ಗೆರೆ ದಾಟಿ ಚೆಂಡು ಊರೋದು, 5 ಅಂಕ) ಆದ ಮೇಲೆ ರಿಚಿ ಮೊವುಂಗಾ ಕನ್ವರ್ಷನ್ (ಟ್ರೈ ನಂತರದ ಒದೆತ, 2 ಅಂಕ) ಹೊರಗೆ ಹೋಯ್ತು. 73ನೇ ನಿಮಿಷದಲ್ಲಿ ಜೋರ್ಡಿ ಬ್ಯಾರೆಟ್ 50 ಮೀಟರ್ ಹತ್ತಿರದಿಂದ ಒದ್ದ ಪೆನಾಲ್ಟಿಯೂ ಹೊರಗೆ. ಎರಡರಲ್ಲಿ ಒಂದು ಒಳಗೆ ಬಿದ್ದಿದ್ದರೂ ನಾವಿಲ್ಲಿ ಸಾವಿಯಾ ಬಗ್ಗೆ ಚರ್ಚೆ ಮಾಡ್ತಿದ್ವಿ.

ಕಡಲತೀರದ ಕೀಪರ್

ಮಾರಾಯ್ರೆ, ಅದು ಪೊಲಾರ್ಡ್ ಒಳ್ಳೆಯವನು ಅಂತ ತೋರಿಸುವುದಾ, ಎದುರಿನವರಿಗೆ ಅದೃಷ್ಟ ಇರಲಿಲ್ಲ ಅಂತ ತೋರಿಸುವುದಾ? ಪೊಲಾರ್ಡ್‌ನ ಒಂದೊಂದು ಒದೆತ ಎಲ್ಲಿಂದ ಅಂತಲೂ ನೋಡಬೇಕಲ್ಲ. ಮೊವುಂಗಾನದು ಅಂಚಿನ ಕಡೆಯಿಂದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹೇಗೆ?

ಉದ್ದ ಕಿಕ್ಕಿನ ಉಮೇಶ

ಸರಿ, ತೂಗೋಣ. ಕಂಬಗಳ ನಡುವೆ 5.6 ಮೀಟರ್, ಅಡ್ಡಪಟ್ಟಿ 3 ಮೀಟರ್ ಎತ್ತರ. ಟ್ರೈ ಎಲ್ಲಿ ಊರಿದರೋ ಅದೇ ನೇರಕ್ಕೆ ಹಿಂದೆ ಬಂದು ಕನ್ವರ್ಷನ್ ಒದೆಯಬೇಕು. ಎಷ್ಟು ಹಿಂದೆ ಬರಬೇಕು ಅನ್ನೋದು ಒದೆಯುವವನ ಇಷ್ಟ.

ಉದಾಹರಣೆಗೆ ಟ್ರೈ ಕಂಬಗಳ ಮಧ್ಯದಿಂದ 28 ಮೀಟರ್ ಪಕ್ಕಕ್ಕೆ ಆಯ್ತು ಅಂದುಕೊಳ್ಳಿ. ಗೆರೆಯಿಂದ ಬರೀ 10 ಮೀಟರ್ ಹಿಂದೆ ಬಂದರೆ ಕಾಣುವ ಕಿಂಡಿ 3.7 ಡಿಗ್ರಿಗಿಂತ ಕಡಿಮೆ. 22 ಮೀಟರ್‌ಗೆ ಬಂದರೆ 5.6 ಡಿಗ್ರಿ. 28 ಮೀಟರ್‌ಗೆ ಬಂದರೆ 5.7 ಡಿಗ್ರಿ, ಅದೇ ಗರಿಷ್ಠ. ಅಲ್ಲಿಂದ ಹಿಂದೆ ಹೋದಷ್ಟೂ ಮತ್ತೆ ಕಿರಿದಾಗುತ್ತೆ. ಆದರೆ 28ಕ್ಕೆ ಹೋದರೆ ಚೆಂಡು 40 ಮೀಟರ್ ಹಾರಬೇಕು, 22ಕ್ಕೆ ನಿಂತರೆ 36 ಸಾಕು. 0.1 ಡಿಗ್ರಿ ಆಸೆಗೆ 4 ಮೀಟರ್ ಯಾಕೆ ಹೆಚ್ಚು ಒದೆಯೋದು ಅಂತ ಬಹಳ ಜನ 22ರ ಆಸುಪಾಸಲ್ಲೇ ಚೆಂಡು ನಿಲ್ಲಿಸೋ ಟೀ ಇಡ್ತಾರೆ. ಇದೇ 28 ಮೀಟರ್ ನೇರ ಎದುರಿನಿಂದಾದರೆ ಕಿಂಡಿ 11 ಡಿಗ್ರಿ ದಾಟುತ್ತೆ, ಅಂದರೆ ದುಪ್ಪಟ್ಟು.

ಇನ್ನು 50 ಮೀಟರ್ ಒದೆತ ನೇರ ಎದುರಿನಿಂದ ಅಂತಲೇ ಹಿಡಿದರೂ 6.4 ಡಿಗ್ರಿ. ಕಿಂಡಿ ಅಂಚಿನ ಕನ್ವರ್ಷನ್‌ಗಿಂತ ಸ್ವಲ್ಪ ದೊಡ್ಡದೇ, ಆದರೆ ದೂರ ತಲುಪಿಸೋಕೆ ಜೋರಾಗಿ ಒದೆಯಬೇಕು. ಜೋರು ಹೆಚ್ಚಾದಷ್ಟೂ ದಿಕ್ಕು ಹದ ತಪ್ಪುತ್ತೆ, ಒದ್ದೆ ನೆಲದಲ್ಲಿ ಊರಿದ ಕಾಲು ಜಾರುತ್ತೆ.

ಕಡಲತೀರದ ಕೀಪರ್

ಈ ಲೆಕ್ಕ ನೋಡಿದ ಮೇಲೆ ನನ್ನ ಮಾತೇ ಗಟ್ಟಿ ಆಯ್ತು. ಅವರದ್ದು ಕಷ್ಟದ ಒದೆತ.

ಉದ್ದ ಕಿಕ್ಕಿನ ಉಮೇಶ

ಪೊಲಾರ್ಡ್ ಕಷ್ಟದ್ದು ಒದ್ದಿಲ್ಲ ಅಂತ ಯಾರು ಹೇಳಿದ್ದು? ಒಂದು ವಾರದ ಹಿಂದೆ ಇಂಗ್ಲೆಂಡ್ ಎದುರು ಸೆಮಿಫೈನಲ್‌ನ 78ನೇ ನಿಮಿಷ, ಹತ್ತಿರ ಹತ್ತಿರ 50 ಮೀಟರ್, ಅಲ್ಲೂ ಮಳೆ. 16–15. ಅದು ಒಳಗೆ ಹೋಗದಿದ್ದರೆ ಫೈನಲ್‌ನ ಮಾತೇ ಇರ್ತಿರಲಿಲ್ಲ.

ಸ್ಕ್ರಮ್ ಸಿದ್ದ

ಸೆಮಿಫೈನಲ್ ಇಲ್ಲಿ ಲೆಕ್ಕಕ್ಕಿಲ್ಲ. ಅದನ್ನು ತಂದರೆ ಓಕ್ಸ್ ಎನ್‌ಚೆ ಸ್ಕ್ರಮ್ಮಲ್ಲಿ (ಎಂಟೆಂಟು ಜನ ಕಟ್ಟಿಕೊಂಡು ಎದುರುಬದುರು ತಳ್ಳೋದು) ಗಿಟ್ಟಿಸಿಕೊಟ್ಟ ಪೆನಾಲ್ಟಿಯಿಂದಲೇ ಆ ಒದೆತ ಬಂತು ಅಂತ ನಾನೂ ಶುರು ಮಾಡ್ತೀನಿ, ರಾತ್ರಿ ಇಡೀ ಮುಗಿಯಲ್ಲ.

ಜಾಕಲ್ ಜಗ್ಗು

ನೀವು ಮೂವರೂ ತಪ್ಪು. ಕ್ವಾಗಾ ಸ್ಮಿತ್. ಬೆಂಚಿನಿಂದ ಬಂದವನಿಗೆ ಪಂದ್ಯಶ್ರೇಷ್ಠ ಕೊಡಲ್ಲ ಅನ್ನೋ ಹಳೇ ಚಾಳಿ ಬಿಟ್ಟು ನೋಡಿ.

ಕೊನೆಯ ಹೊತ್ತಲ್ಲಿ ನ್ಯೂಜಿಲೆಂಡಿಗೆ ಒಂದೇ ಪೆನಾಲ್ಟಿ ಸಾಕಿತ್ತು, ಒಂದು ಡ್ರಾಪ್ ಗೋಲ್ (ಆಡ್ತಾನೇ ಕಂಬದೊಳಗೆ ಒದೆಯೋದು) ಆಗಿದ್ದರೂ ಸಾಕಿತ್ತು. ಅಂಥ ಸಮಯದಲ್ಲಿ ಕೆಡವಿದ್ರೆ ಸಾಲದು, ಚೆಂಡು ವಾಪಸ್ ಬರಬೇಕು. ಕೆಡವಿದ ಮೇಲೂ ಚೆಂಡು ಅವರದ್ದೇ, ಮುಂದಿನ ಹಂತ, ಮತ್ತೊಂದು ಹಂತ, ಎಲ್ಲೋ ಒಂದು ಕಡೆ ನಮ್ಮವನು ಆಫ್‌ಸೈಡ್, ಮೂರು ಅಂಕ. ಆ ಸರಪಳಿ ತುಂಡು ಮಾಡಿದ್ದು ಕ್ವಾಗಾ.

ಜಾಕಲ್ ಮಾಡೋದು, ಅಂದರೆ ಬಿದ್ದವನಿಂದ ಚೆಂಡು ಕೀಳೋದು, ಗೊತ್ತಿಲ್ಲದವರಿಗೆ: ಎದುರಾಳಿ ಬಿದ್ದು ಅವನ ತಂಡದವರು ಬರೋಕೆ ಮುಂಚೆ ಒಂದು, ಒಂದೂವರೆ ಸೆಕೆಂಡ್ ಸಿಗುತ್ತೆ. ಅಷ್ಟರಲ್ಲಿ ನಿಮ್ಮ ಬದಿಯಿಂದಲೇ ನೇರವಾಗಿ ಬರಬೇಕು, ಪಕ್ಕದಿಂದ ನುಗ್ಗಿದರೆ ಪೆನಾಲ್ಟಿ. ಕಾಲು ಅಗಲ, ಭುಜ ಸೊಂಟಕ್ಕಿಂತ ಕೆಳಗಿಳಿಯಬಾರದು, ನಿಮ್ಮ ಭಾರ ನಿಮ್ಮ ಕಾಲ ಮೇಲೇ ಇರಬೇಕು. ಕೈ ನೇರ ಚೆಂಡಿಗೆ. ಮೊದಲು ನೆಲಕ್ಕೆ ಊರಿ ಆಮೇಲೆ ಚೆಂಡಿಗೆ ಜಾರಿಸಿದ್ರೆ ರೆಫರಿ ಸೀಟಿ ಊದ್ತಾನೆ. ಹಿಡಿದ ಮೇಲೆ 110 ಕಿಲೋದವನು ಬಂದು ಗುದ್ದಿದರೂ ಬಿಡಬಾರದು. ಬಿದ್ದವನು ಬಿಡದೆ ಹಿಡಿದುಕೊಂಡ್ರೆ ಪೆನಾಲ್ಟಿ ನಿಮಗೆ. ಇದರಲ್ಲಿ ಒಂದು ತಪ್ಪಿದರೂ ಪೆನಾಲ್ಟಿ ಅವರಿಗೆ, ಅಂದರೆ ಆ ಹೊತ್ತಿಗೆ ವಿಶ್ವಕಪ್ಪೇ ಅವರಿಗೆ. ಅಂಥ ಜೂಜು ಆಡಿ ಗೆದ್ದವನು ಅವನು.

ಬೆಂಚು ಬಸಣ್ಣ

ಬೆಂಚಿನ ಮಾತು ತಗದ್ರಿ ಅಂದ್ರ ನಾ ಸುಮ್ಮನ ಕೂಡಂಗಿಲ್ಲ! ಆ 7–1 ಬೆಂಚು ನೆನಪ ಐತಿಲ್ಲೊ? ಎಂಟು ಬದಲಿ ಮಂದ್ಯಾಗ ಏಳು ಮಂದಿ ಫಾರ್ವರ್ಡ್ಸ್ (ಸ್ಕ್ರಮ್ ತಳ್ಳಾವ್ರು), ಒಬ್ಬನ ಬ್ಯಾಕ್ (ಹಿಂದ ಓಡಾವ), ವಿಲಿ ಲೆ ರೂ. ಬೆಂಚಿನ್ಯಾಗ ಸ್ಕ್ರಮ್-ಹಾಫ್ ಇಲ್ಲ, ಫ್ಲೈ-ಹಾಫ್ ಇಲ್ಲ. ಫ್ಲೈ-ಹಾಫ್ ಮಾನಿ ಲಿಬ್ಬೋಕ್‌ನ 23ರಾಗ ತಗೊಂಡs ಇಲ್ಲ. ಸ್ಕ್ರಮ್-ಹಾಫ್ ಫಾಫ್ ಡಿ ಕ್ಲರ್ಕ್‌ನ ಮಂಡಿ ತಿರುಗಿತ್ತಂದ್ರ ಮುಗೀತು ಕಥಿ. ಫಾಫ್‌ಗ ಯಾರೂ ಒಂದು ವೋಟು ಹಾಕವಲ್ರಿ.

ಏಳನೇ ನಂಬರ್

ಫಾಫ್ ಚೆನ್ನಾಗೇ ಆಡಿದ, ಶ್ರೇಷ್ಠ ಅಲ್ಲ.

ಬೆಂಚು ಬಸಣ್ಣ

ಮಳ್ಯಾಗ ಬಾಕ್ಸ್ ಕಿಕ್ (ಗುಂಪಿನ ಹಿಂದಿಂದ ಎತ್ತರಕ್ಕ ಒದಿಯೂದು) ಒದಿಯೂದು ನಿಮಗ ಸಸಾರ ಕಾಣಸ್ತೈತಿ. ರೆಫರಿ "ಯೂಸ್ ಇಟ್" ಅಂದ ಮ್ಯಾಲ ಐದs ಸೆಕೆಂಡ್. ಚೆಂಡು 20ರಿಂದ 25 ಮೀಟರ್ ಹೋಗಬೇಕು, ನಾಕು ಸೆಕೆಂಡ್ ಗಾಳ್ಯಾಗ ನಿಂದರಬೇಕು, ಆಗ ಕೊಲ್ಬೆ, ಅರೆಂಡ್ಸೆ ಓಡಿ ಹೋಗಿ ಮುಟ್ಟತಾರ. 30 ಮೀಟರ್ ಹೋತಂದ್ರ ಎದುರಿನವ ಆರಾಮ ಹಿಡಿದು ತಿರುಗಿ ಓಡ್ತಾನ. 15 ಮೀಟರ್ ಹೋತಂದ್ರ ಗಳಿಸಿದ್ದು ಏನೂ ಇಲ್ಲ. ಒದಿಯೂವಾಗ ಚೆಂಡು ಸಾಬೂನಿನಂಗ ಜಾರತೈತಿ.

ಕರಿ ಜೆರ್ಸಿ

ಸೋತ ತಂಡದವರ ಹೆಸರು ಹೇಳಬಹುದಾ? ಸಾವಿಯಾ. ಕೇನ್ ಸುಮಾರು 28ನೇ ನಿಮಿಷದಲ್ಲಿ ಹೊರಗೆ ಹೋದ ಮೇಲೆ ಪೂರ್ತಿ ಪಂದ್ಯ 14 ಜನ. ಆದರೂ ದ್ವಿತೀಯಾರ್ಧ 5–0 ನ್ಯೂಜಿಲೆಂಡ್ ಪರ. ಮೇಲಾಗಿ ಆರನ್ ಸ್ಮಿತ್ ಊರಿದ ಟ್ರೈ ಕಿತ್ತುಕೊಂಡರು. ಅದು ಸಿಕ್ಕಿದ್ದರೆ ಈ ಚರ್ಚೆಯೇ ಇಲ್ಲ.

ಲೈನೌಟ್ ಲಕ್ಷ್ಮಿ

ಕಿತ್ತುಕೊಳ್ಳಲಿಲ್ಲ, ಲೈನೌಟ್‌ನಲ್ಲಿ (ಅಂಚಿನಿಂದ ಎರಡು ಸಾಲಿನ ನಡುವೆ ಚೆಂಡು ಎಸೆಯುವುದು) ನಾಕ್-ಆನ್ ಆಗಿತ್ತು. ಚೆಂಡು ಮುಂದೆ ಹೋಗಿದ್ದು ವಿಡಿಯೋದಲ್ಲಿ ಕಾಣುತ್ತದೆ.

ಕರಿ ಜೆರ್ಸಿ

ಆಗಿತ್ತು, ಇಲ್ಲ ಅನ್ನಲ್ಲ. ಆದರೆ ಟಿಎಂಒ (ವಿಡಿಯೋ ನೋಡುವ ರೆಫರಿ) ಎಷ್ಟು ಹಿಂದಕ್ಕೆ ಹೋಗಬಹುದು ಅಂತ ಆಗಿನ ಕ್ರಮದಲ್ಲೇ ಇತ್ತು: ಒರಟಾಟ ಬಿಟ್ಟರೆ ಎರಡು ಹಂತ ಮಾತ್ರ. ಲೈನೌಟ್‌ನಿಂದ ಟ್ರೈವರೆಗೆ ಎಷ್ಟು ಹಂತ ಆಯ್ತು ಅಂತ ನೀವೇ ಎಣಿಸಿ ನೋಡಿ.

ಲೈನೌಟ್ ಲಕ್ಷ್ಮಿ

ಎಣಿಸಿದ್ದೇನೆ, ಎರಡಕ್ಕಿಂತ ಹೆಚ್ಚು. ಕ್ರಮದ ಪ್ರಕಾರ ನಿಮ್ಮ ವಾದ ಸರಿ, ಆಟದ ಪ್ರಕಾರ ತೀರ್ಪು ಸರಿ. ಮೂರು ನಿಮಿಷದಲ್ಲಿ ಬೊಡೆನ್ ಟ್ರೈ ಬಂತಲ್ಲ, ಸಮಾಧಾನ ಮಾಡಿಕೊಳ್ಳಿ.

ಕರಿ ಜೆರ್ಸಿ

ಆ ಟ್ರೈಗಿಂತ ಮೊದಲು ಮಾರ್ಕ್ ಟೆಲಿಯಾ ಎಷ್ಟು ಜನರ ಕೈಯಿಂದ ಜಾರಿಕೊಂಡ ನೋಡಿ. ಕೊಲಿಸಿ ಹಳದಿ ಕಾರ್ಡಿನ ಹತ್ತು ನಿಮಿಷ ಮುಗಿಸಿ ವಾಪಸ್ ಬಂದಾಗಿತ್ತು. 15 ಜನರ ಎದುರು 14 ಜನ ಹೊಡೆದ ಟ್ರೈ ಅದು. ನಿಮ್ಮ ಗೋಡೆ, ನಿಮ್ಮ ಡು ಟಾಯ್, ಎಲ್ಲ ಮೈದಾನದಲ್ಲೇ ಇದ್ದರು.

ಏಳನೇ ನಂಬರ್

ಅಂಚಲ್ಲಿ ಟೆಲಿಯಾನ ಹಿಡಿಯೋದು ಫ್ಲ್ಯಾಂಕರ್ ಕೆಲಸನಾ ಈಗ?

ಕಡಲತೀರದ ಕೀಪರ್

ಒಂದು ಲೆಕ್ಕ ಯಾರೂ ಹೇಳುವುದಿಲ್ಲ. ಕೇನ್ ಹೋದ ಮೇಲೆ 52 ನಿಮಿಷ ನ್ಯೂಜಿಲೆಂಡ್ 14 ಜನ ಅಂತ ಎಲ್ಲರೂ ಹೇಳುವುದು. ಆದರೆ ಕೊಲಿಸಿ 46ರಿಂದ 56 ಹೊರಗೆ, ಚೆಸ್ಲಿನ್ ಕೊಲ್ಬೆ 73ರಿಂದ ಕೊನೆಯವರೆಗೆ ಹೊರಗೆ. ಅಂದರೆ 17 ನಿಮಿಷ ಎರಡೂ ಕಡೆ 14. ನಿಜವಾಗಿ ಒಬ್ಬ ಕಮ್ಮಿ ಇದ್ದದ್ದು 35 ನಿಮಿಷ, ಅದಕ್ಕೆ ಶುರುವಿನಲ್ಲಿ ನ್ಯೂಜಿಲೆಂಡಿನ ಫ್ರಿಜೆಲ್ ಹಳದಿಗೆ ಹೊರಗಿದ್ದ ಹತ್ತು ಸೇರಿಸಿ. ಕೊನೆಯ ಏಳು ನಿಮಿಷ ಸಮ ಸಮ ಇತ್ತು ಮಾರಾಯ್ರೆ, ಆಗಲೂ ಗೋಡೆ ಬೀಳಲಿಲ್ಲ.

ಜಾಕಲ್ ಜಗ್ಗು

ಕೊಲ್ಬೆ ಕುರ್ಚಿ ಮೇಲೆ ಕೂತು ಜೆರ್ಸಿಯಿಂದ ಮುಖ ಮುಚ್ಚಿಕೊಂಡಿದ್ದು ಮರೆಯೋಕಾಗಲ್ಲ. ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸಿನ ರಾಮೋಸ್ ಕನ್ವರ್ಷನ್‌ಗೆ ಅಡ್ಡ ಓಡಿ ತಡೆದವನೂ ಅವನೇ. 29–28ರಲ್ಲಿ ಆ ಎರಡು ಅಂಕ!

ಸ್ಕ್ರಮ್ ಸಿದ್ದ

ಫೈನಲ್ ಮಾತ್ರ ಅಂದೆನಲ್ಲ ಮಹರಾಯ.

ಹೊಸಬ ಹರಿ

ಅಡ್ಡ ಪ್ರಶ್ನೆಗೆ ಕ್ಷಮಿಸಿ. ಹೆಸರು ಡು ಟಾಯ್ ಅಂತಾನಾ? "ಡು ಟ್ವಾ" ಅಂತ ಕೇಳಿದ ಹಾಗಿತ್ತು. ಇನ್ನೊಂದು: ಈ ಟ್ಯಾಕಲ್‌ಗಿಂತ ನಮ್ಮ ಕಬಡ್ಡಿ ಹಿಡಿತ ಕಷ್ಟ ಅಲ್ವಾ?

ಉದ್ದ ಕಿಕ್ಕಿನ ಉಮೇಶ

ಮೂಲ ಫ್ರೆಂಚ್ ಹೆಸರು, ಆದರೆ ಆಫ್ರಿಕಾನ್ಸ್ ಬಾಯಲ್ಲಿ "ಟಾಯ್" ಆಗಿದೆ.

ಬೆಂಚು ಬಸಣ್ಣ

ಕಬಡ್ಡಿ ಬ್ಯಾರೆ ಲೆಕ್ಕ ತಮ್ಮಾ. ಅಲ್ಲಿ ಕಾಲ್ಮಡಾ ಹಿಡದ್ರ ಸಾಕು, ಗೆರಿ ಮುಟ್ಟದಂಗ ಎಳದಿಟ್ಟರ ಅಂಕ ನಿಂದು. ಇಲ್ಲಿ ಕಾಲಿಗೆ ಬಿದ್ದು ಕೆಡವೂದಕ್ಕ ಚಾಪ್ ಟ್ಯಾಕಲ್ ಅಂತಾರ. ದೊಡ್ಡ ಮನಷ್ಯಾರನ್ನ ಕೆಡವಾಕ ಚಲೋ, ಆದರ ಅವನ ಕೈ ಖುಲ್ಲಾ ಇರತಾವು. ಬೀಳೂವಾಗನs ಪಕ್ಕದವನಿಗೆ ಚೆಂಡು ದಾಟಸ್ತಾನ. ಅದಕ್ಕ ಬರೇ ಕಾಲು ಹಿಡದ್ರ ಸಾಲಂಗಿಲ್ಲ, ಎರಡನೇದವ ಬಂದು ಮ್ಯಾಲ ಚೆಂಡಿಗೆ ಗಂಟು ಬೀಳಬೇಕು. ಡು ಟಾಯ್ ಜೋರ್ಡಿ ಬ್ಯಾರೆಟ್‌ನ ಕೆಡವಿದ್ದು ನೋಡು, ಎದಿ ಕೆಳಗ, ಚೆಂಡಿನ ಸಮೇತ. ದಾಟಸಾಕ ಜಾಗಾನ ಇಲ್ಲ.

ಹೊಸಬ ಹರಿ

ಓ, ಅರ್ಥ ಆಯ್ತು. ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಟ ನೋಡಿ ಇತ್ತ ಬಂದವನು ನಾನು. ಅಲ್ಲಿ ಏಳೇಳು ಜನ, ಇಷ್ಟೊಂದು ಗುದ್ದಾಟ ಕಾಣಲ್ಲ.

ಜಾಕಲ್ ಜಗ್ಗು

ಅದು ಸೆವೆನ್ಸ್. ಅಷ್ಟೇ ದೊಡ್ಡ ಮೈದಾನ, ಅರ್ಧಕ್ಕೂ ಕಡಿಮೆ ಜನ. ಒಂದು ಸಂಬಂಧ ಇದೆ ನೋಡು: ಕ್ವಾಗಾ, ಕೊಲ್ಬೆ ಇಬ್ಬರೂ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸೆವೆನ್ಸ್ ಕಂಚು ಗೆದ್ದ ತಂಡದಲ್ಲಿದ್ದರು. ಸೆವೆನ್ಸ್‌ನಲ್ಲಿ ಬಿದ್ದ ಚೆಂಡಿನ ಹತ್ತಿರ ನೆರವಿಗೆ ಬರೋರು ಒಬ್ಬಿಬ್ಬರು ಮಾತ್ರ, ಹಾಗಾಗಿ ಮೊದಲು ತಲುಪಿದವನಿಗೇ ಚೆಂಡು. ಕ್ವಾಗಾನ ಆ ಮೂಗು ಅಲ್ಲಿ ಪಳಗಿದ್ದು. 14ಕ್ಕೆ 14 ಆಟದಲ್ಲಿ ಅಂಥವನ ಬೆಲೆ ಇನ್ನೂ ಹೆಚ್ಚುತ್ತೆ.

ಥ್ರೋ ತಿಮ್ಮಯ್ಯ

ಇಷ್ಟು ಹೊತ್ತು ಓದಿದೆ. ಒಬ್ಬರೂ ಡಿಯೋನ್ ಫೂರಿ ಹೆಸರು ಎತ್ತಲಿಲ್ಲ, ಆಶ್ಚರ್ಯ.

ಮೊದಲಿಂದ ಹೇಳ್ತೀನಿ. ಟೂರ್ನಿ ನಡುವೆ ಹುಕರ್ (ಸ್ಕ್ರಮ್ ಮುಂಸಾಲಿನ ನಡುವಿನವನು, ಲೈನೌಟ್ ಎಸೆಯೋನು) ಮಾಲ್ಕಮ್ ಮಾರ್ಕ್ಸ್‌ಗೆ ಮಂಡಿ ಗಾಯ ಆಯ್ತು. ಅವನ ಜಾಗಕ್ಕೆ ಇನ್ನೊಬ್ಬ ಹುಕರ್‌ನ ಕರೆಸಲಿಲ್ಲ, ಫ್ಲೈ-ಹಾಫ್ ಪೊಲಾರ್ಡ್‌ನ ಕರೆಸಿದರು. ಅಂದರೆ ನೀವೆಲ್ಲ ಹೊಗಳ್ತಿರೋ ಆ 12 ಅಂಕ ಬಂದದ್ದು ಒಬ್ಬ ಹುಕರ್‌ನ ಜಾಗ ಖಾಲಿ ಬಿಟ್ಟಿದ್ದರಿಂದ. ಉಳಿದದ್ದು ಬೊಂಗಿ ಎಂಬೊನಾಂಬಿ ಒಬ್ಬನೇ ಪೂರ್ಣಾವಧಿ ಹುಕರ್. ಫೈನಲ್‌ನ ಮೂರನೇ ನಿಮಿಷದಲ್ಲಿ ಶಾನನ್ ಫ್ರಿಜೆಲ್ ಅವನ ಕಾಲ ಮೇಲೆ ಬಿದ್ದ, ಮಂಡಿ ಹೋಯ್ತು. ಫ್ರಿಜೆಲ್‌ಗೆ ಹಳದಿ, ಆ ಪೆನಾಲ್ಟಿಯೇ ಪೊಲಾರ್ಡ್‌ನ ಮೊದಲ ಮೂರು ಅಂಕ. ಆದರೆ ಹುಕರ್ ಹೊರಗೆ.

ಬಂದವನು ಫೂರಿ. ವಯಸ್ಸು 37. ದೇಶದ ಪರ ಮೊದಲ ಪಂದ್ಯ ಆಡಿದ್ದೇ 2022ರಲ್ಲಿ, 35ನೇ ವಯಸ್ಸಲ್ಲಿ. ಆ ಹೊತ್ತಿಗೆ ಮುಖ್ಯವಾಗಿ ಅವನು ಫ್ಲ್ಯಾಂಕರ್, ಹಿಂದೆ ಹುಕರ್ ಆಡಿದ್ದ. ಅಂಥವನು ವಿಶ್ವಕಪ್ ಫೈನಲ್‌ನಲ್ಲಿ 77 ನಿಮಿಷ ಹುಕರ್ ಆಡಿದ. ಅವನ ಹಿಂದೆ ಬೆಂಚಲ್ಲಿ ಇನ್ಯಾವ ಹುಕರೂ ಇಲ್ಲ.

ಏಳನೇ ನಂಬರ್

ಲೈನೌಟ್ ಹಾಳಾಯ್ತಲ್ಲ ಅವನು ಬಂದ ಮೇಲೆ. ಅದನ್ನೂ ಹೇಳಿ.

ಥ್ರೋ ತಿಮ್ಮಯ್ಯ

ಹಾಳಾಯ್ತು, ಒಪ್ತೀನಿ. ಯಾಕೆ ಹಾಳಾಯ್ತು ಅಂತ ನೋಡಿ.

ಲೈನೌಟ್ ಥ್ರೋ ಅಂದರೆ ಬರೀ ಎಸೆಯೋದಲ್ಲ. ಚೆಂಡು ಕನಿಷ್ಠ 5 ಮೀಟರ್ ಹೋಗಬೇಕು, ಎರಡು ಸಾಲುಗಳ ಮಧ್ಯೆ ನೇರ ಹೋಗಬೇಕು. ಹಾರುವವನನ್ನು ಇಬ್ಬರು ಎತ್ತಿ ತುದಿಗೆ ತಲುಪಿಸೋಕೆ ಸುಮಾರು ಒಂದು ಸೆಕೆಂಡ್. ಅವನು ತುದಿಯಲ್ಲಿ ಇರುವ ಆ ಕ್ಷಣಕ್ಕೇ ಚೆಂಡು ಅಲ್ಲಿರಬೇಕು. ಮುಂದಿನವನಿಗೆ ಎಸೆಯೋದು ಚಪ್ಪಟೆಯಾಗಿ, ಜೋರಾಗಿ. ನಡುವಿನವನಿಗೆ ಸ್ವಲ್ಪ ಕಮಾನು. ಹಿಂದಿನವನಿಗೆ ಮುಂದಿನ ಕೈಗಳನ್ನೆಲ್ಲ ದಾಟಿ ಇಳಿಯೋ ಹಾಗೆ. ಈ ಮೂರೂ ಬೇರೆ ಬೇರೆ ಬಲ. ಅಭ್ಯಾಸದಲ್ಲಿ ಸಾವಿರ ಸಲ ಅದೇ ಹಾರುವವನ ಜೊತೆ ಎಸೆದವನಿಗೂ ಒದ್ದೆ ಚೆಂಡು ಕೈಕೊಡುತ್ತೆ. ಎದುರಿಗೆ ಬ್ರೋಡಿ ರೆಟಾಲಿಕ್, ಸ್ಕಾಟ್ ಬ್ಯಾರೆಟ್, ಆಮೇಲೆ ಸ್ಯಾಮ್ ವೈಟ್‌ಲಾಕ್. ಹೊಸ ಥ್ರೋಯರ್ ಬಂದ ಅಂತ ಗೊತ್ತಾದ ಕೂಡಲೇ ಅವರು ಪ್ರತಿ ಚೆಂಡಿಗೂ ಹಾರ್ತಾರೆ.

ಅಂಥ ಹೊತ್ತಲ್ಲಿ ಯಾರಾದರೂ ಮಾಡೋದು ಒಂದೇ: ಮುಂದಿನವನಿಗೆ ಎಸೆದು ಚೆಂಡು ಕೈಗೆ ಬಂದರೆ ಸಾಕು ಅನ್ನೋದು. ಆದರೆ ಮುಂದೆ ಸಿಕ್ಕ ಚೆಂಡಿನಿಂದ ಆಟ ಬಿಚ್ಚಿಕೊಳ್ಳಲ್ಲ, ಎದುರಿನ ಫಾರ್ವರ್ಡ್ಸ್ ಅಲ್ಲೇ ನಿಂತಿರ್ತಾರೆ. ಮಾಲ್ (ಚೆಂಡು ಹಿಡಿದವನ ಸುತ್ತ ಕಟ್ಟಿಕೊಂಡು ತಳ್ಳೋದು) ಕಟ್ಟೋಕೂ ಜಾಗ ಇಕ್ಕಟ್ಟು. ಮೂಲೆಗೆ ಒದ್ದು ಮಾಲ್ ಮಾಡಿ ಟ್ರೈ ಹೊಡೆಯೋದು ಸ್ಪ್ರಿಂಗ್‌ಬಾಕ್ಸ್‌ನ (ದಕ್ಷಿಣ ಆಫ್ರಿಕಾ ತಂಡದ) ಹಳೇ ಆಯುಧ. ಆ ಆಯುಧ ಮೂರನೇ ನಿಮಿಷದಲ್ಲೇ ಮೊಂಡಾಯ್ತು. ದ್ವಿತೀಯಾರ್ಧದ ಸೊನ್ನೆಗೆ ಒಂದು ದೊಡ್ಡ ಕಾರಣ ಇದೇ ಅಂತ ನನ್ನ ಅಭಿಪ್ರಾಯ.

ಕಡಲತೀರದ ಕೀಪರ್

ಹಾಗಾದರೆ ನೀವೇ ಹೇಳಿದಿರಲ್ಲ, ಲೈನೌಟ್ ಕೆಟ್ಟದ್ದರಿಂದ ಅಂಕ ಬರಲಿಲ್ಲ ಅಂತ. ಅಂಥವನು ಶ್ರೇಷ್ಠ ಹೇಗೆ?

ಥ್ರೋ ತಿಮ್ಮಯ್ಯ

ಲೈನೌಟ್ ಬಿಟ್ಟು ಉಳಿದದ್ದು ನೋಡಿ. ಸ್ಕ್ರಮ್ ಮುರಿಯಲಿಲ್ಲ. ಫ್ಲ್ಯಾಂಕರ್ ಮೈಕಟ್ಟಿನವನು ಎರಡು ಪ್ರಾಪ್‌ಗಳ (ಮುಂಸಾಲಿನ ಎಡ-ಬಲದವರು) ಮಧ್ಯೆ ತೂಗಾಡಿಕೊಂಡು, ಎದುರಿನ ಮುಂಸಾಲಿನ ಭಾರ ಕುತ್ತಿಗೆ ಮೇಲೆ ಹೊತ್ತು, ಒಂದು ಕಾಲು ಎತ್ತಿ ಚೆಂಡು ಹಿಂದಕ್ಕೆ ಗೀರಬೇಕು. ಬಯಲಲ್ಲಿ ಫ್ಲ್ಯಾಂಕರ್ ಬುದ್ಧಿಯೇ ಕೆಲಸ ಮಾಡಿತು: ಬಿದ್ದ ಚೆಂಡಿನ ಹತ್ತಿರ ಪ್ರತಿ ಸಲ ಒಬ್ಬ ಹೆಚ್ಚುವರಿ ಕಳ್ಳ.

ಲೈನೌಟ್ ಲಕ್ಷ್ಮಿ

ತಿಮ್ಮಯ್ಯನವರೇ, ಥ್ರೋ ವಿಷಯ ನೂರಕ್ಕೆ ನೂರು. ಒಂದು ಸೇರಿಸುತ್ತೇನೆ. ತಪ್ಪು ಥ್ರೋ ಯಾವಾಗಲೂ ಎಸೆದವನದ್ದೇ ಅಲ್ಲ. ಸಂಕೇತ ಕೂಗುವವನು, ಎತ್ತುವವರು, ಹಾರುವವನು, ಇವರಲ್ಲಿ ಒಬ್ಬ ಅರ್ಧ ಸೆಕೆಂಡ್ ತಡ ಮಾಡಿದರೂ ಹೆಸರು ಕೆಡುವುದು ಹುಕರ್‌ನದ್ದು. ಟಿವಿಯಲ್ಲಿ ಚೆಂಡು ಮಾತ್ರ ಕಾಣುತ್ತದೆ.

ಉದ್ದ ಕಿಕ್ಕಿನ ಉಮೇಶ

ಪೊಲಾರ್ಡ್ ಬಂದದ್ದಕ್ಕೇ ಹುಕರ್ ಕೊರತೆ ಆಯ್ತು ಅನ್ನೋದು ಸರಿ. ಆದರೆ ಆ ಜೂಜಿನ ಫಲವೇ 12 ಅಂಕ ಅಲ್ವಾ? ಒಂದು ಅಂಕದಲ್ಲಿ ಗೆದ್ದ ಪಂದ್ಯ ಇದು. ಲೈನೌಟ್ ಚೆನ್ನಾಗಿದ್ದು ಒದೆಯೋನು ಕೆಟ್ಟವನಾಗಿದ್ದರೆ?

ಥ್ರೋ ತಿಮ್ಮಯ್ಯ

ಅದೇ ನಾನೂ ಹೇಳೋದು. ಜೂಜು ಆಡಿದವರು ಕೋಚ್‌ಗಳು, ಲಾಭ ಬರೆದದ್ದು ಪೊಲಾರ್ಡ್ ಹೆಸರಿಗೆ, ಸಾಲ ತೀರಿಸಿದ್ದು ಫೂರಿ.

ಸ್ಕ್ರಮ್ ಸಿದ್ದ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸದ್ಯಕ್ಕೆ.

ಏಳನೇ ನಂಬರ್

ನನ್ನ ಹತ್ತಿರ ಇದೆ. 28.

ಹೊಸಬ ಹರಿ

ಒಂದು ಪ್ರಶ್ನೆ. ಫೂರಿಗೂ ಗಾಯ ಆಗಿದ್ದರೆ ಏನಾಗ್ತಿತ್ತು? ಹುಕರ್ ಯಾರೂ ಇರಲಿಲ್ಲ ಅಂದ್ರಲ್ಲ.

ಥ್ರೋ ತಿಮ್ಮಯ್ಯ

ಒಳ್ಳೇ ಪ್ರಶ್ನೆ. ತರಬೇತಾದ ಹುಕರ್ ಇಲ್ಲದಿದ್ದರೆ ಸ್ಕ್ರಮ್‌ನಲ್ಲಿ ತಳ್ಳಾಟ ನಿಲ್ಲಿಸ್ತಾರೆ, ಕುತ್ತಿಗೆ ಮುರಿಯೋ ಅಪಾಯ ಇದೆ. ಸುಮ್ಮನೆ ಒರಗಿಕೊಂಡು ನಿಲ್ಲೋದು, ಚೆಂಡು ಹಾಕಿದವರಿಗೇ ಚೆಂಡು. ಮುಂಸಾಲಲ್ಲಿ ಆಡಬಲ್ಲವರಿಲ್ಲದೆ ಹೀಗಾದರೆ ಆ ತಂಡ ಹೊರಗೆ ಹೋದವನ ಬದಲು ಇನ್ನೊಬ್ಬನನ್ನು ಇಳಿಸುವಂತಿಲ್ಲ. ಅಂದರೆ 14 ಜನ.

2022ರ ಸಿಕ್ಸ್ ನೇಷನ್ಸ್, ಡಬ್ಲಿನ್, ಐರ್ಲೆಂಡ್ ಎದುರು ಇಟಲಿ ನೋಡಿ. ಮೊದಲ ಹುಕರ್ ಗಾಯವಾಗಿ ಹೋದ, ಬದಲಿ ಹುಕರ್‌ಗೆ 19ನೇ ನಿಮಿಷದಲ್ಲಿ ಕೆಂಪು ಕಾರ್ಡ್. ಇಟಲಿ 13 ಜನಕ್ಕೆ ಇಳಿಯಿತು: ಕಾರ್ಡ್‌ಗೆ ಒಬ್ಬ, ತಳ್ಳಾಟ ನಿಂತಿದ್ದಕ್ಕೆ ಇನ್ನೊಬ್ಬ. 57–6ರಲ್ಲಿ ಸೋತರು.

ಈಗ ಫೈನಲ್‌ಗೆ ಬನ್ನಿ. ಕೇನ್‌ಗೆ ಸಿಕ್ಕಂಥ ಕಾರ್ಡ್ ಫೂರಿಗೆ ಸಿಕ್ಕಿದ್ದರೆ 13. ಕೊಲಿಸಿ ಹೊರಗಿದ್ದ ಹತ್ತು ನಿಮಿಷ 12. ಪ್ರಾಪ್‌ಗಳಾದ ಎನ್‌ಚೆ, ನ್ಯಾಕಾನೆ ಬೆಂಚಿನಿಂದ ಬಂದರೂ ತಳ್ಳೋಕೆ ಸ್ಕ್ರಮ್ಮೇ ಇಲ್ಲ, ನಿಮ್ಮ 7–1 ಬೆಂಚು ಬರೀ ಭಾರ. ಆ 77 ನಿಮಿಷ ಫೂರಿ ಪ್ರತಿ ಟ್ಯಾಕಲ್‌ಗೂ ಹೋಗಿದ್ದು ಇದನ್ನು ತಲೆಯಲ್ಲಿಟ್ಟುಕೊಂಡೇ.

ಬೆಂಚು ಬಸಣ್ಣ

ಹನ್ನೆರಡು ಮಂದಿ! ಯಪ್ಪಾ. ನಂದು ವೋಟು ತಿರಗಿಸ್ರಿ, ಫಾಫ್‌ನಿಂದ ಫೂರಿಗೆ.

ಏಳನೇ ನಂಬರ್

ಫೂರಿ ತಪ್ಪಿಸಿಕೊಂಡ ಟ್ಯಾಕಲ್‌ಗಳ ಪಾಲೂ ಡು ಟಾಯ್ ಖಾತೆಗೇ ಬಿದ್ದಿರಬೇಕು, ಅದಕ್ಕೇ 28.

ಥ್ರೋ ತಿಮ್ಮಯ್ಯ

ಸಾಕ್ಷಿ ತಂದು ಮಾತಾಡಿ. ನಿಮಿಷ ಹೇಳಿ, ನಾನು ವಿಡಿಯೋ ತೆರೆದುಕೊಂಡೇ ಕೂತಿದ್ದೀನಿ.